ಇಪ್ಪತ್ತಾರನೇ ಹಾಳೆ

“ಕಳ್ಳನನ್ನ ಕಳ್ಳ ಅನ್ನದೆ ಇನ್ನೇನು ಪೂಜಾರಿ ಅನ್ಲಾ? ಮೂವತ್ತೆಂಟು ವರ್ಷ ಅನ್ನ ಹಾಕಿದ ಮನೇಗೇ ಕೇಸು ತಂದಿಟ್ಟೆಯಲ್ಲಯ್ಯಾ!”

“ನಾನು ಯಾರದನ್ನೂ ಕದ್ದಿಲ್ಲ ಅಣ್ಣಾಚಿ.”

“ಮುಚ್ಚು ಬಾಯಿ! ಮುಂಬೈನವರ ಲಾಯರ್ ನೋಟೀಸು ಸುಮ್ಮನೆ ಹಾರಿಕೊಂಡು ಬರುತ್ತಾ?”

ಶಿವಕಾಶಿಯ ಸೆಲ್ವನಾಯಗಿ ಪ್ರೆಸ್ಸಿನ ಅಂಗಳದಲ್ಲಿ ಮೂವತ್ತು ಮಂದಿ ಕೆಲಸದವರು ಇದನ್ನು ಕೇಳಿಸಿಕೊಂಡರು. ಬೈಯುತ್ತಿದ್ದವರು ಮಾಲೀಕ ಧನುಷ್ಕೋಡಿ ಅಣ್ಣಾಚಿ. ಬೈಸಿಕೊಳ್ಳುತ್ತಿದ್ದವನು ಕಾಶಿಲಿಂಗಂ, ಕ್ಯಾಲೆಂಡರಿಗೆ ದೇವರ ಚಿತ್ರ ಬರೆಯುವ ಕಲಾವಿದ. ಅರವತ್ತು ದಾಟಿದ ಆಸಾಮಿ. ಜೀವಮಾನದಲ್ಲಿ ಯಾರಿಗೂ ಎದುರು ಮಾತಾಡಿದವನಲ್ಲ. ಅಂದೂ ತಲೆ ತಗ್ಗಿಸಿ ನಿಂತಿದ್ದ.

ಅವನ ಪಾಲಿನ ಮಾತನ್ನೂ ಆಡಲು ದೇವರು ಅವನಿಗೊಬ್ಬ ತಂಗಿಯನ್ನು ಕೊಟ್ಟಿದ್ದ. ಅವಳು ಆಗಲೇ ಗೇಟು ದಾಟಿ ಬರುತ್ತಿದ್ದಳು.

“ಅಣ್ಣಾಚಿ, ನಾಲಿಗೆ ಸ್ವಲ್ಪ ಬಿಗಿ ಹಿಡೀರಿ. ಇನ್ನೊಂದು ಸಲ ನಮ್ಮಣ್ಣನ್ನ ಕಳ್ಳ ಅಂದ್ರೆ ನಾನು ನಿಮ್ಮ ವಯಸ್ಸು ನೋಡಲ್ಲ.”

ಹೆಸರು ತಂಗಪುಷ್ಪಂ. ವಯಸ್ಸು ನಲವತ್ತೆಂಟು. ಕೋರ್ಟಿನ ಎದುರಿನ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು, ವಕೀಲರಿಗೆ ಅರ್ಜಿ, ನೋಟೀಸು, ಅಫಿಡವಿಟ್ಟು ಟೈಪು ಮಾಡಿಕೊಡುವುದು ಅವಳ ಕಸುಬು. ಇಪ್ಪತ್ತಾರು ವರ್ಷದಿಂದ ಅದೇ ಮರ, ಅದೇ ಮೇಜು. ಅಲ್ಪವಿರಾಮ ಬಿಟ್ಟ ವಕೀಲರಿಗೂ ಅವಳು ಬೈದದ್ದುಂಟು.

“ಎಲ್ಲಿ ಆ ನೋಟೀಸು?” ಎಂದಳು.

ಅಣ್ಣಾಚಿ ಅಳಿಯನ ಕಡೆ ನೋಡಿದರು. ಅಳಿಯ ಗುಣಶೀಲನ್ ಮದುರೈಯವನು. ಮದುವೆಯಾಗಿ ಬಂದು ಎರಡು ವರ್ಷ. ಮಹಡಿಯ ಮೇಲಿನ ಕಂಪ್ಯೂಟರ್ ಕೋಣೆ ಅವನದು. ಇಸ್ತ್ರಿ ಮುರಿಯದ ಅಂಗಿ, ಮೆತ್ತನೆ ಮಾತು.

“ಇಂಗ್ಲಿಷ್‌ನಲ್ಲಿದೆ ಅಕ್ಕಾ. ಮಾವನಿಗೆ ನಾನೇ ಓದಿ ಅರ್ಥ ಹೇಳಿದೆ,” ಎಂದು ಕಾಗದ ಕೊಟ್ಟ. “ಅಣ್ಣ ಬರೆದ ಬಾಲಮುರುಗನ ಚಿತ್ರ ಮುಂಬೈನ ಒಂದು ಕಂಪೆನಿಯ ಚಿತ್ರದ ನಕಲಂತೆ. ಕೋಟಿ ಲೆಕ್ಕದಲ್ಲಿ ದಾವೆ ಹೂಡ್ತಾರಂತೆ. ಆದ್ರೆ ಒಂದು ದಾರಿ ತೋರಿಸಿದಾರೆ. ಎರಡನೇ ಹಾಳೆ ನೋಡಿ. ಅದಕ್ಕೆ ಅಣ್ಣ ಬುಧವಾರದೊಳಗೆ ಸಹಿ ಹಾಕಿದ್ರೆ ದಾವೆ ಇಲ್ಲ.”

ಎರಡನೇ ಹಾಳೆ ಒಪ್ಪಿಗೆ ಪತ್ರ. ‘ನಾನು ನಕಲು ಮಾಡಿದ್ದು ನಿಜ. ಇಂದಿನವರೆಗೆ ನಾನು ಬರೆದ ಎಲ್ಲಾ ಮೂಲ ಚಿತ್ರಗಳ ಮೇಲಿನ ಹಕ್ಕನ್ನು ಪ್ರೆಸ್ಸಿಗೆ ಬಿಟ್ಟುಕೊಡುತ್ತೇನೆ.’

ತಂಗಪುಷ್ಪಂಗೆ ಗೊತ್ತಿತ್ತು: ಅಣ್ಣನಿಗೆ ಇರುವುದು ಎರಡೇ ಆಸ್ತಿ. ಒಂದು ಹೆಸರು. ಇನ್ನೊಂದು, ಪ್ರೆಸ್ಸಿನ ಮಹಡಿಯ ಬೇರೊಂದು ಕೋಣೆಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದ ನಾನೂರು ಚಿತ್ರಗಳು. ಅಚ್ಚಾದ ಮೇಲೆ ಮೂಲ ಚಿತ್ರ ಬರೆದವನದೇ ಎಂದು ಅಣ್ಣಾಚಿಯ ತಂದೆ ಮಾತು ಕೊಟ್ಟಿದ್ದರು. ಈ ಕಾಗದಕ್ಕೆ ಸಹಿ ಬಿದ್ದರೆ ಎರಡೂ ಹೋದವು.

“ಬುಧವಾರ ತಾನೆ? ಇನ್ನೂ ನಾಲ್ಕು ದಿನ ಇದೆ,” ಎಂದು ಕಾಗದವನ್ನು ಮಡಿಚಿ ಸೆರಗಿಗೆ ಸಿಕ್ಕಿಸಿದಳು. “ಬಾ ಅಣ್ಣ, ಊಟಕ್ಕೆ.”

“ಅದನ್ನ ಇಲ್ಲೇ ಕೊಟ್ಟು ಹೋಗಿ ಅಕ್ಕಾ,” ಎಂದ ಗುಣಶೀಲನ್.

“ಕಳ್ಳನ ತಂಗಿ ಕಣಪ್ಪಾ. ಎತ್ತಿಕೊಂಡೇ ಹೋಗೋದು.”

*

ಕಾಶಿಲಿಂಗಂ ತಟ್ಟೆಯ ಮುಂದೆ ಕೂತ. ಅನ್ನಕ್ಕೆ ಕೈ ಹಾಕಲಿಲ್ಲ.

“ನಿಜ ಹೇಳು. ಎಲ್ಲಾದರೂ ನೋಡಿ ಬರೆದೆಯಾ?”

“ಟೀ ಅಂಗಡಿ ಸುಡಲೈಮುತ್ತು ಮಗ ಇದ್ದಾನಲ್ಲ, ಮುಂದಿನ ಹಲ್ಲು ಬಿದ್ದಿರೋನು. ಅವನ್ನ ಹದಿನೈದು ದಿನ ಎದುರು ಕೂರಿಸಿಕೊಂಡು ಬರೆದೆ. ಅವನಿಗೆ ದಿನಾ ಎರಡು ಕಡಲೆಮಿಠಾಯಿ. ಮುಂಬೈ ಮುರುಗನಿಗೂ ಅದೇ ಹಲ್ಲು ಬಿದ್ದಿದೆಯಂತಾ?”

“ಮತ್ತೆ ಅಲ್ಲೇ ಹಾಗಂತ ಕೂಗಿ ಹೇಳೋಕೆ ಏನಾಗಿತ್ತು ನಿನಗೆ?”

“ಅವರು ಕೇಳಲಿಲ್ಲವಲ್ಲ ಪುಷ್ಪಾ.” ಅವನ ಕಣ್ಣು ತುಂಬಿತು. “ಸಹಿ ಹಾಕಿಬಿಡ್ತೀನಿ. ಕೋರ್ಟು ಗೀರ್ಟು ನನ್ನ ಕೈಲಾಗಲ್ಲ.”

“ಹಾಕು, ಆ ಕೈ ಮುರೀತೀನಿ. ಈಗ ಉಣ್ಣು.”

ಅವಳು ನೋಟೀಸನ್ನು ನೆಲದ ಮೇಲೆ ಹರಡಿಕೊಂಡಳು. ಸಾವಿರಾರು ನೋಟೀಸು ಬಡಿದ ಕೈ. ಒಂದು ಸಲ ಓದಿದಳು. ಹುಬ್ಬು ಗಂಟಾಯಿತು. ಇನ್ನೊಂದು ಸಲ ಓದಿದಳು. ನಗು ಬಂತು. ಒಳ್ಳೆಯ ನಗುವಲ್ಲ.

ಯಾವ ವಕೀಲನೇ ಆಗಲಿ, ‘ನನ್ನ ಕಕ್ಷಿದಾರ ಇಂಥವರ ಮಗ ಇಂಥವನು, ಇಂಥ ಊರು, ಇಂಥ ಬೀದಿ’ ಎಂದೇ ಶುರು ಮಾಡುತ್ತಾನೆ. ಇಲ್ಲಿ ಬರೀ ‘ಮುಂಬೈನ ನಮ್ಮ ಕಕ್ಷಿದಾರರು’. ಹೆಸರಿಲ್ಲ, ವಿಳಾಸವಿಲ್ಲ. ವಕೀಲನ ಹೆಸರು ಮಾತ್ರ ದಪ್ಪ ಅಕ್ಷರದಲ್ಲಿತ್ತು: ಎನ್. ಪ್ರಭಾಶಂಕರ್, ಮದುರೈ. ಸನದು ನಂಬರ್ ಇಲ್ಲ. ರಿಜಿಸ್ಟರ್ ಪೋಸ್ಟಿನಲ್ಲಿ ಬಂದಿಲ್ಲ, ಕೊರಿಯರಿನಲ್ಲಿ ಬಂದಿದೆ. ನೋಟೀಸು ತಲುಪಿತು ಎಂಬ ಸಹಿಚೀಟಿ ಕೈಗೆ ಬಾರದೆ ವಕೀಲನಿಗೆ ನಿದ್ದೆ ಬರುವುದಿಲ್ಲ. ಈ ಮಹಾನುಭಾವನಿಗೆ ಅದು ಬೇಕೇ ಇಲ್ಲ.

ಮರುದಿನ ಬೆಳಿಗ್ಗೆ ನೋಟೀಸಿನಲ್ಲಿದ್ದ ಮೊಬೈಲಿಗೆ ಫೋನು ಮಾಡಿದಳು. ಯಾರೋ ಗಂಡಸು ಎತ್ತಿದ.

“ವಕೀಲರು ಇದ್ದಾರಾ?”

“ಸಾರ್ ಕೋರ್ಟಲ್ಲಿ ವಾದ ಮಾಡ್ತಿದಾರೆ. ಆಮೇಲೆ ಮಾಡಿ.”

“ಹೌದಾ? ಭಾನುವಾರ ಯಾವ ಜಡ್ಜು ಬಂದು ಕೂತವ್ರಪ್ಪಾ? ಸ್ವಲ್ಪ ಹೆಸರು ಹೇಳು, ನಮಸ್ಕಾರ ಮಾಡ್ತೀನಿ.”

ಫೋನು ಕಟ್ಟಾಯಿತು.

*

ಸೋಮವಾರ ಮೊದಲ ಬಸ್ಸಿಗೆ ಮದುರೈಗೆ ಹೋದಳು. ನೋಟೀಸಿನ ಮೇಲಿದ್ದ ವಿಳಾಸ ಸಿಕ್ಕಿತು. ಆ ನಂಬರಿನ ಬಾಗಿಲಲ್ಲಿ ಒಬ್ಬ ಮುದುಕ ಹಳೇ ಕೊಡೆ ರಿಪೇರಿ ಮಾಡುತ್ತಿದ್ದ.

“ವಕೀಲ ಪ್ರಭಾಶಂಕರ್?”

“ಇಲ್ಲಿ ಐವತ್ತು ವರ್ಷದಿಂದ ನಾನೇ ಇರೋದು ತಾಯಿ. ಕೊಡೆ ಇದೆಯಾ?”

ವಕೀಲರ ಸಂಘದ ಗುಮಾಸ್ತ ಪಟ್ಟಿಯನ್ನು ಎರಡು ಸಲ ನೋಡಿದ. ಆ ಹೆಸರಿನ ವಕೀಲ ಇಲ್ಲ. ಹಿಂದೆಯೂ ಇರಲಿಲ್ಲ. ಅವನಿಂದ ಅಷ್ಟನ್ನೂ ಬರೆಸಿಕೊಂಡು, ಮೊಹರು ಹಾಕಿಸಿಕೊಂಡು ಬಂದಳು.

ವಕೀಲ ಸುಳ್ಳು. ಮುಂಬೈ ಸುಳ್ಳು. ಸರಿ. ಬರೆದವನು ಯಾರು?

ಬಸ್ಸಿನಲ್ಲಿ ಯೋಚಿಸುತ್ತ ಬಂದಳು. ಒಂದೇ ಮುಖ ಕಣ್ಣ ಮುಂದೆ ಬಂತು. ಸಂಗಿಲಿ ನಾಡಾರ್. ಹಿಂದಿನ ಬೀದಿಯ ಪ್ರೆಸ್ಸಿನವನು. ಅಣ್ಣಾಚಿಗೂ ಅವನಿಗೂ ಹಾವು ಮುಂಗುಸಿ. ಹೋದ ವರ್ಷ ಕಾಶಿಲಿಂಗಂನನ್ನು ತನ್ನಲ್ಲಿಗೆ ಕರೆದು, ಇಲ್ಲ ಎನಿಸಿಕೊಂಡಿದ್ದ. ಅವಮಾನ ನುಂಗುವ ಗಂಡಸಲ್ಲ.

*

“ಏನಯ್ಯಾ ಸಂಗಿಲಿ, ನಮ್ಮಣ್ಣ ಬರಲಿಲ್ಲ ಅಂತ ಅವನ ಹೊಟ್ಟೆ ಮೇಲೇ ಹೊಡೀತೀಯಾ?”

ಮಂಗಳವಾರ ಬೆಳಿಗ್ಗೆ ಸಂಗಿಲಿ ನಾಡಾರ್ ಪರೋಟಾ ಹರಿದು ಬಾಯಿಗಿಡುತ್ತಿದ್ದ. ಕೈ ಅಲ್ಲೇ ನಿಂತಿತು.

“ಯಾರ ಹೊಟ್ಟೆ? ಮೊದಲು ನನ್ನ ಹೊಟ್ಟೆಗೆ ತಿನ್ನೋಕೆ ಬಿಡಮ್ಮ.”

ಅವಳು ನೋಟೀಸನ್ನು ಮೇಜಿನ ಮೇಲೆ ಬಡಿದಳು. ಅವನು ಕೈ ಒರೆಸಿಕೊಂಡು ಕನ್ನಡಕ ಹಾಕಿದ. ಸಾಲು ಸಾಲಾಗಿ ಓದಿದ.

“ಅಲ್ಲಮ್ಮಾ ಪುಷ್ಪಂ, ನಿನ್ನ ಅಣ್ಣ ನನಗೆ ಬೇಕು. ನಿಜ. ಬೇಕಾದ ಕುದುರೆಯ ಕಾಲು ಯಾರಾದರೂ ಮುರೀತಾರಾ? ಅವನಿಗೆ ಕಳ್ಳ ಅಂತ ಹೆಸರು ಬಂದಮೇಲೆ ನಾನು ಅವನ ಚಿತ್ರ ಅಚ್ಚು ಹಾಕೋದು ಹೇಗೆ? ಯಾವ ಏಜೆಂಟ್ ಮುಟ್ತಾನೆ?”

ತಂಗಪುಷ್ಪಂ ಕುರ್ಚಿ ಎಳೆದುಕೊಂಡು ಕೂತಳು. ಮಾತು ಸರಿಯಾಗಿತ್ತು.

ಸಂಗಿಲಿ ಇನ್ನೂ ಓದುತ್ತಿದ್ದ. ಇದ್ದಕ್ಕಿದ್ದಂತೆ ಹೊಟ್ಟೆ ಕುಲುಕಿಸಿ ನಗತೊಡಗಿದ.

“ಏನಿದು? ‘ಸೆಲ್ವನಾಯಗಿ ಆಲ್ಬಂ, ಹಾಳೆ ನಂಬರ್ ಇಪ್ಪತ್ತಾರು’! ಧನುಷ್ಕೋಡಿ ಆಲ್ಬಂನಲ್ಲಿ ಇಪ್ಪತ್ತಾರನೇ ಹಾಳೆ ಹುಡುಕಿಕೊಡು, ನನ್ನ ಮೀಸೆ ಬೋಳಿಸ್ತೀನಿ.”

“ಯಾಕೆ?”

“ನಾನು ಹೇಳಿದರೆ ಶತ್ರು ಮಾತು ಅಂತೀಯ. ಅಲ್ಲೇ ಆಲ್ಬಂ ಹೊಲಿಯೋ ಮಾಡತ್ತಿಯನ್ನ ಹೋಗಿ ಕೇಳು.”

*

ಶಿವಕಾಶಿಯಲ್ಲಿ ಮುಂದಿನ ವರ್ಷದ ಕ್ಯಾಲೆಂಡರ್ ಆಲ್ಬಂ ತಮಿಳರ ಆಡಿ ತಿಂಗಳ ಹದಿನೆಂಟನೇ ದಿನ ಪೂಜೆಯಾಗಿ ಹೊರಬರುತ್ತದೆ. ಆಲ್ಬಂ ಎಂದರೆ ಆ ವರ್ಷದ ಚಿತ್ರಗಳನ್ನೆಲ್ಲ ಸೇರಿಸಿ ಹೊಲಿದ ಮಾದರಿ ಪುಸ್ತಕ. ಏಜೆಂಟರು ಅದನ್ನು ಹೊತ್ತು ಊರೂರು ತಿರುಗಿ, ಹಾಳೆ ನಂಬರ್ ಬರೆದು ಆರ್ಡರ್ ತರುತ್ತಾರೆ. ಆ ದಿನಕ್ಕೆ ಮುಂಚೆ ಒಂದು ಚಿತ್ರ ಹೊರಗೆ ಸೋರಿದರೂ ಎದುರು ಪ್ರೆಸ್ಸಿನವನು ಅಚ್ಚು ಹಾಕಿ ಮುಗಿಸಿರುತ್ತಾನೆ. ಈ ವರ್ಷದ ಆಲ್ಬಂ ಬಂದು ಐದೇ ದಿನಕ್ಕೆ ನೋಟೀಸು ಬಂದಿತ್ತು.

ಮಾಡತ್ತಿ ಸೆಲ್ವನಾಯಗಿಯಲ್ಲಿ ಆಲ್ಬಂ ಹೊಲಿಯುವ ಹೆಂಗಸರ ಮೇಸ್ತ್ರಿ. ಮಧ್ಯಾಹ್ನ ಟೀಗೆ ಹೊರಗೆ ಬಂದಾಗ ತಂಗಪುಷ್ಪಂ ಹಿಡಿದಳು.

“ಇಪ್ಪತ್ತಾರಾ?” ಮಾಡತ್ತಿ ಎಲೆಅಡಿಕೆ ಉಗಿದಳು. “ಎರಡೂ ಆರೂ ಎಷ್ಟು?”

“ಎಂಟು.”

“ಎಂಟು ಶನಿಯ ಅಂಕಿ. ಅಣ್ಣಾಚಿ ಎಂಟು ಮುಟ್ಟಲ್ಲ. ಕೂಡಿಸಿದರೆ ಎಂಟಾಗೋದನ್ನೂ ಮುಟ್ಟಲ್ಲ. ಎಂಟು, ಹದಿನೇಳು, ಇಪ್ಪತ್ತಾರು, ಮೂವತ್ತೈದು, ಒಂದೂ ನಮ್ಮ ಆಲ್ಬಂನಲ್ಲಿ ಇರಲ್ಲ. ಏಳಾದ ಮೇಲೆ ಒಂಬತ್ತು. ಅವರು ಚೀಟಿ ಬರೆದುಕೊಡ್ತಾರೆ, ನಾನು ಕೊನೇಲಿ ಕೈಯಲ್ಲಿ ನಂಬರ್ ಒತ್ತುತೀನಿ. ನಿಮ್ಮಣ್ಣನ ಮುರುಗ ಇಪ್ಪತ್ತೊಂಬತ್ತು.”

ತಂಗಪುಷ್ಪಂ ಟೀ ಲೋಟ ಕೆಳಗಿಟ್ಟಳು.

“ಹಾಗಾದರೆ ಅದನ್ನ ಇಪ್ಪತ್ತಾರು ಅಂತ ಕರೆಯೋರು ಯಾರು?”

“ಸಾಲಾಗಿ ಎಣಿಸಿದರೆ ಇಪ್ಪತ್ತಾರನೇದೇ. ಕಂಪ್ಯೂಟರಿನಲ್ಲಿ ಹಾಗೇ ಇರುತ್ತೆ, ಒಂದು ಎರಡು ಅಂತ. ನಮಗೆ ಅದು ಯಾಕೆ? ಏಜೆಂಟ್‌ಗೂ ಯಾಕೆ?”

“ಕಂಪ್ಯೂಟರ್ ಕೋಣೇಲಿ ಯಾರ್ಯಾರು ಇರ್ತಾರೆ?”

“ಆಡಿ ಹದಿನೆಂಟು ಮುಗಿಯೋವರೆಗೆ ಮನೆಯವರನ್ನ ಬಿಟ್ಟು ಇನ್ನೊಬ್ಬರ ನೆರಳೂ ಬೀಳಬಾರದು. ಬೀಗ ಜಡಿದು ಅಳಿಯ ಒಬ್ಬರೇ ಕೂತಿದ್ರು.” ಮಾಡತ್ತಿ ದನಿ ತಗ್ಗಿಸಿದಳು. “ಕೆಳಗೇ ಇಳಿಯಲ್ಲ ಮಹಾರಾಯ. ಹೊಲಿದ ಆಲ್ಬಂ ಬಿಚ್ಚಿಯೂ ನೋಡಿಲ್ಲ. ಆದರೆ ಹೋದ ತಿಂಗಳು ಅಣ್ಣಾಚಿ ತಿರುಚೆಂದೂರಿಗೆ ಹೋಗಿದ್ದಾಗ, ಕಾರಿನಲ್ಲಿ ಇಬ್ಬರು ಬಂದಿದ್ರು. ನಿಮ್ಮಣ್ಣನ ಹಳೇ ಚಿತ್ರದ ಗಂಟು ಬಿಚ್ಚಿಸಿ, ಒಂದೊಂದನ್ನೂ ಫೋಟೋ ಹಿಡಿದುಕೊಂಡು ಹೋದ್ರು. ನಮಗೆಲ್ಲ ಅವತ್ತು ಅಳಿಯನ ಲೆಕ್ಕದಲ್ಲಿ ಕಲರ್ ಸೋಡಾ.”

“ಕುಡಿದು ಬಾಯಿ ಮುಚ್ಚಿಕೊಂಡ್ರಿ.”

“ಯಾರೂ ಕೇಳಲಿಲ್ಲವಲ್ಲಕ್ಕ.”

*

ಬುಧವಾರ, ಊಟದ ಬಿಡುವು. ಅಣ್ಣಾಚಿ ಕುರ್ಚಿಯಲ್ಲಿದ್ದರು. ಗುಣಶೀಲನ್ ಇನ್ನೊಂದು ಒಪ್ಪಿಗೆ ಪತ್ರ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ಮೇಜಿನ ಮೇಲಿಟ್ಟಿದ್ದ. ಕಾಶಿಲಿಂಗಂ ಬಾಗಿಲ ಬಳಿ ನಿಂತಿದ್ದ. ಕೆಲಸದವರು ಅಂಗಳದಲ್ಲಿ ಬುತ್ತಿ ಬಿಚ್ಚಿದ್ದರು, ಕಿವಿ ಎಲ್ಲಾ ಈ ಕಡೆ.

“ನಮ್ಮಣ್ಣ ಸಹಿ ಹಾಕ್ತಾನೆ,” ಎಂದಳು ತಂಗಪುಷ್ಪಂ.

ಕಾಶಿಲಿಂಗಂ ಬೆಚ್ಚಿ ನೋಡಿದ.

“ಆದ್ರೆ ಮಾಪಿಳ್ಳೆ,” ಎಂದು ಅಳಿಯನ ಕಡೆ ತಿರುಗಿದಳು. “ಈ ಕಾಗದ ಸರಿಯಾಗಿಲ್ಲ. ‘ಎಲ್ಲಾ ಚಿತ್ರ’ ಅಂದ್ರೆ ಯಾವುದು? ಕೋರ್ಟು ಒಪ್ಪಲ್ಲ. ಪಟ್ಟಿ ಬೇಕು. ಈ ವರ್ಷದ್ದರಿಂದ ಶುರು ಮಾಡಣ. ಹೇಳಿ, ಬರ್ಕೋತೀನಿ.”

ಗುಣಶೀಲನ್ ಮುಖ ಅರಳಿತು. “ಒಳ್ಳೇದಾಯ್ತು ಅಕ್ಕಾ. ಬರ್ಕೊಳಿ. ಕರುಪ್ಪಸಾಮಿ, ಹದಿಮೂರು. ಮೀನಾಕ್ಷಿ, ಹದಿನೆಂಟು. ಬಾಲಮುರುಗ, ಇಪ್ಪತ್ತಾರು.”

“ಸರಿಯಾಗಿ ನೆನಪಿದೆಯಾ?”

“ನಾಲ್ಕು ತಿಂಗಳು ಅದರಲ್ಲೇ ಕೂತಿದ್ದೆ. ನಿದ್ದೇಲಿ ಕೇಳಿದರೂ ಹೇಳ್ತೀನಿ.”

“ಮಾಡತ್ತೀ, ಇಲ್ಲಿ ಬಾ. ಕರುಪ್ಪಸಾಮಿ ಎಷ್ಟು?”

“ಹದಿನಾಲ್ಕು.”

“ಮೀನಾಕ್ಷಿ?”

“ಇಪ್ಪತ್ತು.”

“ಬಾಲಮುರುಗ?”

“ಇಪ್ಪತ್ತೊಂಬತ್ತು.”

“ಅಣ್ಣಾಚಿ, ಆಲ್ಬಂ ತೆಗೀರಿ. ನೀವೇ ನೋಡಿ.”

ಅಣ್ಣಾಚಿ ನೋಡಬೇಕಾಗಿರಲಿಲ್ಲ. ಅವರು ಬರೆದ ಚೀಟಿ ಅವರಿಗೇ ಗೊತ್ತಿತ್ತು. ಆದರೂ ತೆಗೆದರು. ಹದಿನಾಲ್ಕು. ಇಪ್ಪತ್ತು. ಇಪ್ಪತ್ತೊಂಬತ್ತು. ನಿಧಾನವಾಗಿ ತಲೆಯೆತ್ತಿದರು.

“ಇಪ್ಪತ್ತಾರು ಅಂದ್ರೆ?”

“ನೋಟೀಸಿನಲ್ಲಿ ಹಾಗಿದೆ ಅಣ್ಣಾಚಿ. ‘ಹಾಳೆ ನಂಬರ್ ಇಪ್ಪತ್ತಾರು’. ಓದಿ ಹೇಳುವಾಗ ಅಳಿಯ ನಿಮಗೆ ಇದನ್ನ ಹೇಳಿದ್ರಾ?”

“ಇಲ್ಲ.”

“ಹೇಳಿದ್ರೆ ನೀವು ಅಲ್ಲೇ ಹಿಡೀತಿದ್ರಿ. ನಿಮಗೆ ಇಂಗ್ಲಿಷ್ ಬರಲ್ಲ, ನಮ್ಮಣ್ಣನಿಗೂ ಬರಲ್ಲ. ಮುಂಬೈನವನು ನಿಮ್ಮ ಆಲ್ಬಂ ನೋಡಿದ್ರೆ ಇಪ್ಪತ್ತೊಂಬತ್ತು ಅಂತ ಬರೀತಿದ್ದ. ಏಜೆಂಟ್ ಬರೆದಿದ್ರೂ ಇಪ್ಪತ್ತೊಂಬತ್ತು. ಸಂಗಿಲಿ ಬರೆದಿದ್ರೂ ಅಷ್ಟೇ. ಇಪ್ಪತ್ತಾರು ಅನ್ನೋ ಲೆಕ್ಕ ಇರೋದು ಲೋಕದಲ್ಲಿ ಒಂದೇ ಕಡೆ. ಬೀಗ ಹಾಕಿದ ನಿಮ್ಮ ಕಂಪ್ಯೂಟರ್ ಕೋಣೇಲಿ. ಅಲ್ಲಿ ಕೂತಿದ್ದವರು ಒಬ್ಬರೇ.”

“ಏನಕ್ಕಾ ಇದು!” ಗುಣಶೀಲನ್ ಎದ್ದ. “ನೋಟೀಸಿನಲ್ಲಿ ಇದ್ದದ್ದನ್ನ ನಾನು ಹೇಳಿದೆ!”

“ಮುರುಗನದು ನೋಟೀಸಿನಲ್ಲಿದೆ. ಕರುಪ್ಪನದು ಇದೆಯಾ? ಮೀನಾಕ್ಷೀದು? ಅದೂ ಆ ವಕೀಲನೇ ಹೇಳಿಕೊಟ್ಟನಾ?”

ಅವನು ಮೇಜಿನ ಮೇಲಿನ ಒಪ್ಪಿಗೆ ಪತ್ರಕ್ಕೆ ಕೈ ಚಾಚಿದ.

ತಂಗಪುಷ್ಪಂ ವಕೀಲರ ಸಂಘದ ಕಾಗದವನ್ನು ಅಣ್ಣಾಚಿಯ ಮುಂದಿಟ್ಟಳು. “ಆ ವಕೀಲ ಹುಟ್ಟೇ ಇಲ್ಲ. ಅವನ ವಿಳಾಸದಲ್ಲಿ ಕೊಡೆ ರಿಪೇರಿ ನಡೀತಿದೆ. ಭಾನುವಾರ ಕೋರ್ಟಿಗೆ ಹೋಗೋ ವಕೀಲ. ಅವನ ಫೋನು ಯಾರ ಹೆಸರಲ್ಲಿದೆ ಅಂತ ಪೊಲೀಸರು ಒಂದು ಗಳಿಗೇಲಿ ಹೇಳ್ತಾರೆ. ಹೋಗಲಾ ಮಾಪಿಳ್ಳೆ?”

“ಪೊಲೀಸ್ ಬೇಡ!” ಎಂದ ಗುಣಶೀಲನ್. ಮೆತ್ತನೆ ದನಿ ಒಡೆದು ಹೋಗಿತ್ತು.

“ಇನ್ನೊಂದು ಅಣ್ಣಾಚಿ. ಎರಡನೇ ಹಾಳೆ ಓದಿದಾಗಲೇ ನನಗೆ ವಾಸನೆ ಬಡೀಬೇಕಿತ್ತು. ಸಿಟ್ಟಿನಲ್ಲಿ ಬಿಟ್ಟುಬಿಟ್ಟೆ. ಮುಂಬೈನವನ ಚಿತ್ರ ಕದ್ದರೆ ಮುಂಬೈನವನು ತನಗೆ ದುಡ್ಡು ಕೊಡು ಅಂತಾನೆ. ನಿಮ್ಮ ಪ್ರೆಸ್ಸಿಗೆ ಚಿತ್ರ ಬಿಟ್ಟುಕೊಡು ಅಂತಾನಾ? ಅವನಿಗೇನು ಲಾಭ? ಲಾಭ ಇರೋರು ಇಲ್ಲಿದಾರೆ. ನೀವು ತಿರುಚೆಂದೂರಿಗೆ ಹೋದಾಗ ಕಾರಿನಲ್ಲಿ ಬಂದು ಚಿತ್ರಗಳ ಫೋಟೋ ಹಿಡಿದುಕೊಂಡು ಹೋದವರು ಯಾರು ಅಂತ ಕೇಳಿ.”

ಅಣ್ಣಾಚಿ ಅಳಿಯನ ಕಡೆ ತಿರುಗಿದರು. ಅಷ್ಟು ಸಾಕಾಯಿತು.

“ಚೆನ್ನೈನವರು ಮಾವಾ. ಹೊಸ ಹೋಟೆಲಿಗೆ ಹಳೇ ಕ್ಯಾಲೆಂಡರ್ ಚಿತ್ರಗಳು ಬೇಕಂತೆ. ಒಳ್ಳೇ ಬೆಲೆ ಹೇಳಿದ್ರು. ಧೂಳು ತಿನ್ನುತ್ತಾ ಬಿದ್ದಿದ್ದವು... ಆದರೆ ಬರೆದವನ ಸಹಿ ಇಲ್ಲದೆ ತಗೊಳಲ್ಲ ಅಂದ್ರು. ಅಣ್ಣ ಹೆದರೋ ಮನುಷ್ಯ, ಒಂದು ಕಾಗದ ಬಂದ್ರೆ ಸಹಿ ಹಾಕ್ತಾನೆ ಅಂತ... ಫೋನು ಎತ್ತಿದ್ದು ಮದುರೈಯ ನನ್ನ ಸ್ನೇಹಿತ.”

“ಮೇಲೆ ಹೋಗು,” ಎಂದರು ಅಣ್ಣಾಚಿ.

ಅವನು ಹೋದ. ಮೆಟ್ಟಿಲಲ್ಲಿ ಎರಡು ಸಲ ಎಡವಿದ.

ಅಣ್ಣಾಚಿ ಅಂಗಳದ ಕಡೆ ನೋಡಿದರು. ಮೂವತ್ತು ಜೊತೆ ಕಣ್ಣು. ಕೈ ಬೀಸಿದರು. “ಏನ್ರೋ ನೋಡ್ತೀರಿ? ಊಟ ಆಯ್ತಲ್ಲ, ಮಷಿನ್ ಹಾಕಿ!”

ಮಷಿನ್‌ಗಳು ಒಂದೊಂದಾಗಿ ಗುಡುಗಲು ಶುರುವಾದವು. ಆ ಸದ್ದಿನಲ್ಲಿ ಅಣ್ಣಾಚಿ ಕಾಶಿಲಿಂಗಂನ ಹತ್ತಿರ ಹೋಗಿ, ಕಿವಿಗೆ ಬಾಯಿ ಹಚ್ಚಿ ಹೇಳಿದರು.

“ತಪ್ಪಾಯ್ತಯ್ಯಾ. ಮಗಳ ಮುಖ ನೋಡಿ ಇದನ್ನ ನಾಲ್ಕು ಗೋಡೆ ಒಳಗೆ ಬಿಟ್ಟುಬಿಡು. ನಾಳೆ ಬಾ. ಮಹಾಲಕ್ಷ್ಮಿ ಚಿತ್ರ ಶುರು ಮಾಡು.”

“ಆಗಲಿ ಅಣ್ಣಾಚಿ,” ಎಂದ ಕಾಶಿಲಿಂಗಂ. “ಇದನ್ನೇ ಅವರಿಗೆಲ್ಲ ಕೇಳೋ ಹಾಗೆ ಒಂದು ಸಲ ಹೇಳಿ.”

“ಅವರಿಗೆಲ್ಲ ಗೊತ್ತಾಯ್ತಲ್ಲ.”

“ನನ್ನ ತಂಗಿ ಬಾಯಿಂದ ಗೊತ್ತಾಯ್ತು. ನಿಮ್ಮ ಬಾಯಿಂದ ಕೇಳಿರೋದು ಕಳ್ಳ ಅನ್ನೋ ಮಾತು ಒಂದೇ.”

ಅಣ್ಣಾಚಿ ತುಟಿ ಕಚ್ಚಿದರು. ಕೆಲಸದವರ ಕಡೆ ಒಮ್ಮೆ ನೋಡಿದರು. ಮಹಡಿಯ ಮೆಟ್ಟಿಲ ಕಡೆ ಒಮ್ಮೆ ನೋಡಿದರು. ಮೇಜಿನ ಮೇಲಿನ ಆಲ್ಬಂ ಮುಚ್ಚಿ, ಅಂಚು ಸರಿ ಮಾಡಿ ಇಟ್ಟರು.

ಕಾಶಿಲಿಂಗಂ ಬಾಗಿಲ ಕಡೆ ತಿರುಗಿದ.

“ನನ್ನ ಚಿತ್ರಗಳನ್ನ ಒಯ್ಯೋಕೆ ನಾಳೆ ಪುಷ್ಪಾ ಗಾಡಿ ತರ್ತಾಳೆ,” ಎಂದ.

“ಅಣ್ಣಾ, ನಿಲ್ಲು. ನಾನು ಹೇಳಿಸ್ತೀನಿ ಇವರ ಕೈಲಿ,” ಎಂದಳು ತಂಗಪುಷ್ಪಂ.

“ಹೇಳಿಸೋದು ಬೇಡ ಪುಷ್ಪಾ.”

ಅವನು ಅಂಗಳಕ್ಕೆ ಇಳಿದ. ಮಷಿನ್‌ಗಳ ನಡುವೆ ಹಾದು ಹೋದ. ಮಾಡತ್ತಿ ಎದ್ದು ನಿಂತಳು. ಗೇಟಿನ ಕಾವಲುಗಾರ, “ಊಟಕ್ಕೆ ಹೊರಟ್ರಾ ಅಣ್ಣಾ?” ಎಂದ. ಹೌದೆಂಬಂತೆ ತಲೆಯಾಡಿಸಿ, ಕಾಶಿಲಿಂಗಂ ರಸ್ತೆ ದಾಟಿದ.

ದೀಪಾವಳಿಗೆ ಅಣ್ಣಾಚಿ ಜನ ಕಳಿಸಿದರು. ಪೊಂಗಲಿಗೆ ತಾವೇ ಅವನ ಬಾಗಿಲಿಗೆ ಹೋದರು. ಅವನು ಕಾಫಿ ಕೊಟ್ಟ, ಮನೆಯವರ ಕ್ಷೇಮ ವಿಚಾರಿಸಿದ. ಸೆಲ್ವನಾಯಗಿ ಪ್ರೆಸ್ಸಿನೊಳಗೆ ಮತ್ತೆ ಕಾಲಿಡಲಿಲ್ಲ.